ಕೋವಿ ಸಿಕ್ಕಿತು, ಜಾಮೀನು ಸಿಗುತ್ತದೆಯೇ? ಬಂದೂಕು ಪ್ರಕರಣಗಳಲ್ಲಿ ನ್ಯಾಯಾಲಯ ನೋಡಬೇಕಾದ್ದೇನು

ಮಲೆನಾಡಿನ ಒಂದು ಮನೆಯ ಅಟ್ಟದಲ್ಲಿ, ಗೋಣಿಚೀಲದಲ್ಲಿ ಸುತ್ತಿಟ್ಟ ಒಂಟಿ ನಳಿಗೆ ಕೋವಿ ಸಿಗುತ್ತದೆ ಎಂದುಕೊಳ್ಳಿ. ಅಪ್ಪ ತೀರಿಕೊಂಡು ಆರು ವರ್ಷವಾಗಿದೆ, ಲೈಸೆನ್ಸ್ ಇನ್ನೂ ಅವರ ಹೆಸರಿನಲ್ಲೇ ಇದೆ. ಅದೇ ವಾರ ಬೆಂಗಳೂರಿನ ಹೊರವಲಯದಲ್ಲಿ ತಡೆದು ನಿಲ್ಲಿಸಿದ ಕಾರಿನ ಸೀಟಿನಡಿ ಒಂದು ನಾಡ ಪಿಸ್ತೂಲು, ನಾಲ್ಕು ಜೀವಂತ ಗುಂಡು ಸಿಗುತ್ತವೆ. ಎರಡೂ ಎಫ್‌ಐಆರ್ ತೆಗೆದು ನೋಡಿದರೆ ಕಲಂ ಒಂದೇ: 1959ರ ಆಯುಧ ಕಾಯ್ದೆಯ ಕಲಂ 3 ಮತ್ತು 25(1-ಬಿ)(ಎ). ಶಿಕ್ಷೆಯೂ ಒಂದೇ: ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ, ಜೊತೆಗೆ ದಂಡ. ಎರಡೂ ಜಾಮೀನುರಹಿತ, ಅಂದರೆ ಜಾಮೀನು ಹಕ್ಕಲ್ಲ, ನ್ಯಾಯಾಲಯದ ವಿವೇಚನೆ.

ಆದರೆ ಈ ಇಬ್ಬರು ಆರೋಪಿಗಳು ನ್ಯಾಯಾಲಯದ ಮುಂದೆ ಒಂದೇ ಅಲ್ಲ, ಆಗಲೂಬಾರದು. ‘ಬಂದೂಕು’ ಎಂಬ ಪದ ಕೇಳಿದ ಕೂಡಲೇ ಜಾಮೀನು ನಿರಾಕರಿಸಿದರೆ ಅಟ್ಟದ ಮನೆಯವನು ತಿಂಗಳುಗಟ್ಟಲೆ ಜೈಲಿನಲ್ಲಿ ಕೂರುತ್ತಾನೆ. ‘ಬರೀ ಐದು ವರ್ಷದ ಕೇಸು’ ಎಂದು ಕಲಂ ನೋಡಿಯೇ ಬಿಟ್ಟುಬಿಟ್ಟರೆ, ಕಾರಿನಲ್ಲಿದ್ದವನು ಯಾರನ್ನು ಹುಡುಕಿಕೊಂಡು ಹೊರಟಿದ್ದನೋ ಆ ಮನುಷ್ಯ ಅಪಾಯದಲ್ಲಿ ಉಳಿಯುತ್ತಾನೆ. ಕಲಂ ಸಂಖ್ಯೆ ಹೇಳುವುದು ಬಹಳ ಕಡಿಮೆ. ಉತ್ತರ ಇರುವುದು ಪಂಚನಾಮೆಯ (ಜಪ್ತಿಯ ಹೊತ್ತಿನಲ್ಲಿ ಸಾಕ್ಷಿಗಳ ಮುಂದೆ ಬರೆಯುವ ದಾಖಲೆಯ) ಎರಡು ಹಾಳೆಗಳಲ್ಲಿ: ಯಾವ ಆಯುಧ, ಯಾರ ಕೈಯಲ್ಲಿ, ಎಲ್ಲಿ, ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬಲ್ಲಿ.

ಮೊದಲು ಉಪಕಲಂ ನೋಡಿ

2019ರ ತಿದ್ದುಪಡಿಯ ನಂತರ ಆಯುಧ ಕಾಯ್ದೆಯ ಶಿಕ್ಷೆಗಳು ಬಹಳ ಬಿಗಿಯಾಗಿವೆ. ಜಾಮೀನು ಯಾವ ನ್ಯಾಯಾಲಯದಲ್ಲಿ ಕೇಳಬೇಕು ಎಂಬುದು ಈ ಶಿಕ್ಷೆಯ ಪ್ರಮಾಣದ ಮೇಲೇ ನಿಂತಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಕಾನೂನಿನ) ಮೊದಲ ಅನುಸೂಚಿಯ ಎರಡನೇ ಭಾಗದ ಪ್ರಕಾರ, ಬೇರೆ ಕಾಯ್ದೆಗಳಡಿಯ ಅಪರಾಧಕ್ಕೆ 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯಿದ್ದರೆ ಜಾಮೀನು ಹಕ್ಕು. 3 ವರ್ಷ ಮತ್ತು ಮೇಲಿದ್ದರೆ ಅದು ನ್ಯಾಯಾಲಯದ ವಿವೇಚನೆ.

ಇದರಿಂದ ಕೆಲವು ವಿಚಿತ್ರ ಫಲಗಳು ಹುಟ್ಟುತ್ತವೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನು ಷರತ್ತು ಮೀರಿ ಬಳಸಿದರೆ ಕಲಂ 30. ಗರಿಷ್ಠ 6 ತಿಂಗಳು. ಜಾಮೀನು ಠಾಣೆಯಲ್ಲೇ ಸಿಗಬೇಕು. ಮದುವೆ ದಿಬ್ಬಣದಲ್ಲಿ ಲೈಸೆನ್ಸ್ ಇರುವ ಬಂದೂಕಿನಿಂದ ಆಕಾಶಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಕಲಂ 25(9). ಗರಿಷ್ಠ 2 ವರ್ಷ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದಕ್ಕೂ ಜಾಮೀನು ಹಕ್ಕೇ. ಅಪ್ಪನ ಕೋವಿಯನ್ನು ಹಾರಿಸದೆ ಅಟ್ಟದಲ್ಲಿಟ್ಟವನಿಗೆ ಮಾತ್ರ ಆ ಹಕ್ಕಿಲ್ಲ.

ಊರಿನ ಆಚಾರಿಯ ಸ್ಥಿತಿ ಇನ್ನೂ ಕಷ್ಟ. ಪಕ್ಕದ ಮನೆಯವರ ಕೇಪಿನ ಕೋವಿಯ (ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯ) ಕುದುರೆ ಸಡಿಲವಾಗಿದೆ ಎಂದು ಕುಲುಮೆಯಲ್ಲಿ ಸರಿ ಮಾಡಿಕೊಟ್ಟರೆ ಅದು ಲೈಸೆನ್ಸ್ ಇಲ್ಲದ ‘ದುರಸ್ತಿ’. ಕಲಂ 5 ತಯಾರಿಕೆ, ಮಾರಾಟ, ದುರಸ್ತಿಯನ್ನು ಒಟ್ಟಿಗೇ ಹೇಳುತ್ತದೆ. ಹಾಗಾಗಿ ಆತನ ಮೇಲೆ ಬೀಳುವುದು ಕಲಂ 25(1)(ಎ): ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಜೀವಾವಧಿ ಶಿಕ್ಷೆಯ ಅಪರಾಧ ಮಾಡಿದ್ದಾನೆಂದು ನಂಬಲು ಸಕಾರಣ ಕಂಡರೆ ಮ್ಯಾಜಿಸ್ಟ್ರೇಟ್ ಸಂಹಿತೆಯ ಕಲಂ 480ರಡಿ ಜಾಮೀನು ಕೊಡುವಂತಿಲ್ಲ. ಮಹಿಳೆ, ಮಕ್ಕಳು, ಕಾಯಿಲೆಯವರು, ಅಶಕ್ತರಿಗೆ ಮಾತ್ರ ವಿನಾಯಿತಿ. ಆದ್ದರಿಂದ ಆಚಾರಿ ನೇರ ಸೆಷನ್ಸ್ ನ್ಯಾಯಾಲಯಕ್ಕೆ ಕಲಂ 483ರಡಿ ಹೋಗಬೇಕು. ಅಲ್ಲಿ ಸಿಗದಿದ್ದರೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಪಿಸ್ತೂಲು ತಯಾರಿಸಿ ರವಾನಿಸುವ ಜಾಲಕ್ಕೆ ಬರೆದ ಶಿಕ್ಷೆ ಕುಲುಮೆಯ ಆಚಾರಿಯ ಮೇಲೂ ಅಷ್ಟೇ ಭಾರದಲ್ಲಿ ಬೀಳುವುದು ಈ ಕಾಯ್ದೆಯ ದೊಡ್ಡ ಲೋಪ. ಜಾಮೀನಿನ ಹಂತದಲ್ಲಾದರೂ ಸೆಷನ್ಸ್ ನ್ಯಾಯಾಧೀಶರು ಈ ವ್ಯತ್ಯಾಸ ಗುರುತಿಸಬೇಕು.

ನಿಷೇಧಿತ ಆಯುಧಗಳದ್ದು ಬೇರೆಯೇ ವರ್ಗ. ಕುದುರೆ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಉಗುಳುವ ಸ್ವಯಂಚಾಲಿತ ಬಂದೂಕು ಇಟ್ಟುಕೊಂಡಿದ್ದರೆ 7ರಿಂದ 14 ವರ್ಷ. ಪೊಲೀಸರಿಂದ ಅಥವಾ ಸೇನೆಯವರಿಂದ ಬಲವಂತವಾಗಿ ಕಿತ್ತುಕೊಂಡಿದ್ದರೆ 10 ವರ್ಷದಿಂದ ಜೀವಾವಧಿ. ಸಂಘಟಿತ ಅಪರಾಧ ಕೂಟದ ಸದಸ್ಯರಿಗೆ, ಅಕ್ರಮ ಸಾಗಣೆದಾರರಿಗೆ 2019ರಲ್ಲಿ ಸೇರಿಸಿದ ಉಪಕಲಂಗಳೂ 10 ವರ್ಷದಿಂದಲೇ ಶುರುವಾಗುತ್ತವೆ. ಇಲ್ಲಿ ಜಾಮೀನಿಗೆ ಎದುರಾಗುವ ಆಕ್ಷೇಪಣೆ ಸಹಜವಾಗಿಯೇ ಗಟ್ಟಿ.

ಕೊಡಗಿನ ಪ್ರಕರಣವಾದರೆ ಇದೆಲ್ಲಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಪತ್ರವಿದ್ದರೆ ಲೈಸೆನ್ಸ್ ಇಲ್ಲ ಎಂಬ ಆರೋಪವೇ ನಿಲ್ಲುವುದಿಲ್ಲ. ಆದರೆ ಆ ಪತ್ರ ಕೋವಿ ಇಟ್ಟುಕೊಳ್ಳಲಿಕ್ಕೆ ಮಾತ್ರ. ಅದನ್ನು ಮನುಷ್ಯನತ್ತ ಗುರಿ ಹಿಡಿದವನಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಯಾರ ಕೈಯಲ್ಲಿತ್ತು?

ವಶದಲ್ಲಿತ್ತು ಎನ್ನಲು ವಸ್ತು ಹತ್ತಿರದಲ್ಲಿದ್ದರೆ ಸಾಲದು. 1972ರ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಆಯುಧ ತನ್ನ ಬಳಿ ಇದೆ ಎಂಬ ಅರಿವು ಇರಬೇಕು, ಕೈಯಲ್ಲಿ ಹಿಡಿದಿರದಿದ್ದರೂ ಅದರ ಮೇಲೆ ಹತೋಟಿ ಇರಬೇಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗಿನ ಮೂಲೆಯಿಂದ ಒಂದೇ ಒಂದು ಗುಂಡು ಹೊರಬಂದು, ಬಂದೂಕು ಇಲ್ಲದೆ, ಬೇರೆ ಕೇಸೂ ಇಲ್ಲದೆ ಸಿಕ್ಕಿಬಿದ್ದವರ ಪ್ರಕರಣಗಳನ್ನು ಹಲವು ಹೈಕೋರ್ಟ್‌ಗಳು ಈ ಆಧಾರದಲ್ಲೇ ರದ್ದು ಮಾಡಿವೆ. ರದ್ದಾಗಬಹುದಾದ ಪ್ರಕರಣದಲ್ಲಿ ಜಾಮೀನು ಕೊಡದಿರಲು ಕಾರಣವೇ ಉಳಿಯುವುದಿಲ್ಲ.

ಕಾರಿನ ಪ್ರಕರಣ ಇಷ್ಟು ಸುಲಭವಲ್ಲ. ನಾಲ್ವರು ಕುಳಿತಿದ್ದ ಕಾರಿನಲ್ಲಿ ಒಂದು ಪಿಸ್ತೂಲು ಸಿಕ್ಕರೆ ಆಯುಧ ಕಾಯ್ದೆಯ ಕಲಂ 35 ಕೆಲಸಕ್ಕೆ ಬರುತ್ತದೆ. ಹಲವರ ಜಂಟಿ ಹತೋಟಿಯಲ್ಲಿರುವ ಮನೆ ಅಥವಾ ವಾಹನದಲ್ಲಿ ಆಯುಧ ಸಿಕ್ಕಾಗ, ಅದು ಅಲ್ಲಿದೆ ಎಂದು ಗೊತ್ತಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರೂ, ಬೇರೆಯದೇ ಸಾಬೀತಾಗದ ಹೊರತು, ಹೊಣೆಗಾರರು. ಆ ‘ನಂಬಲು ಕಾರಣ’ ಎಲ್ಲಿದೆ ಎಂದು ತನಿಖಾಧಿಕಾರಿಯನ್ನು ಕೇಳಲೇಬೇಕು. ಚಾಲಕನ ಸೀಟಿನಡಿ ಸಿಕ್ಕರೆ ಹಿಂದಿನ ಸೀಟಿನವನಿಗೆ ಹೇಗೆ ಗೊತ್ತಿತ್ತು? ಡಿಕ್ಕಿಯಲ್ಲಿ ಸಿಕ್ಕರೆ, ಕೀಲಿ ಯಾರ ಬಳಿ ಇತ್ತು? ಎಲ್ಲ ನಾಲ್ವರ ಹೆಸರನ್ನೂ ‘ಮೇಲ್ಕಂಡ ಆರೋಪಿಗಳ ವಶದಿಂದ’ ಎಂಬ ಒಂದೇ ಸಾಲಿನಲ್ಲಿ ತುರುಕಿದ ಪಂಚನಾಮೆ, ಜಾಮೀನಿನ ವಿಚಾರಣೆಯಲ್ಲಿ ಮೊದಲು ಕುಸಿಯುವುದೇ ಆ ಸಾಲಿನಲ್ಲಿ.

ಒಳ್ಳೆಯ ಪಂಚನಾಮೆ ಹೀಗಿರುತ್ತದೆ: ಆಯುಧ ಸಿಕ್ಕ ನಿಖರ ಜಾಗ, ತೆಗೆದುಕೊಟ್ಟವನು ಯಾರು, ನಳಿಗೆಯ ಉದ್ದ, ಮೈಮೇಲೆ ಕೆತ್ತಿದ ಸಂಖ್ಯೆ ಇದೆಯೇ ಉಜ್ಜಿ ಅಳಿಸಿದೆಯೇ, ಗುಂಡು ಎಷ್ಟು, ಅದರಲ್ಲಿ ನಳಿಗೆಗೆ ಏರಿದ್ದೆಷ್ಟು, ಮ್ಯಾಗಜಿನ್‌ನಲ್ಲಿದ್ದದ್ದೆಷ್ಟು, ಖಾಲಿ ತೋಟಾ ಎಷ್ಟು, ಬಟ್ಟೆಯಲ್ಲಿ ಕಟ್ಟಿ ಅರಗಿನ ಮೊಹರು ಹಾಕಿದ ಹೊತ್ತು, ಇಬ್ಬರು ಪಂಚರ ಸಹಿ. ಗುಂಡು ನಳಿಗೆಗೆ ಏರಿದ್ದ ಪಿಸ್ತೂಲು ಮತ್ತು ಚೀಲದಲ್ಲಿ ಬಿಡಿಬಿಡಿಯಾಗಿದ್ದ ಪಿಸ್ತೂಲು ಎರಡರ ಉದ್ದೇಶ ಬೇರೆ ಬೇರೆ ಕಥೆ ಹೇಳುತ್ತದೆ. ಸಂಹಿತೆಯ ಕಲಂ 105ರ ಪ್ರಕಾರ ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದು ಕಡ್ಡಾಯ. ಆ ವಿಡಿಯೊ ಮ್ಯಾಜಿಸ್ಟ್ರೇಟರ ಮುಂದೆ ಬಂದಿದೆಯೇ ಎಂದು ಜಾಮೀನಿನ ದಿನವೇ ಕೇಳುವ ವಕೀಲರೂ ಕಡಿಮೆ, ನೋಡುವ ನ್ಯಾಯಾಲಯಗಳೂ ಕಡಿಮೆ. ಹತ್ತು ನಿಮಿಷದ ಆ ದೃಶ್ಯ ಎರಡೂ ಕಡೆಯ ಅರ್ಧ ವಾದವನ್ನು ಮುಗಿಸಬಲ್ಲದು.

ಬಂಧನವೇ ಬೇಕಿತ್ತೇ ಎಂಬುದೂ ಇಲ್ಲಿಯೇ ಬರಬೇಕಾದ ಪ್ರಶ್ನೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧದಲ್ಲಿ ಬಂಧನಕ್ಕೆ ಕಾರಣ ಬರೆಯಬೇಕು, ಬೇಡವಾದರೆ ನೋಟಿಸ್ ಕೊಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಈಗ ಅದು ಸಂಹಿತೆಯ ಕಲಂ 35(3). ಅಟ್ಟದ ಕೋವಿಯ ಪ್ರಕರಣದಲ್ಲಿ ಕೋವಿ ಠಾಣೆ ಸೇರಿದೆ, ಆರೋಪಿಗೆ ಮನೆ, ತೋಟ, ಪಹಣಿ ಎಲ್ಲ ಇದೆ. ಓಡಿಹೋಗುವ ಮಾತೇ ಇಲ್ಲ. ಅಲ್ಲಿ ನೋಟಿಸ್ ಸಾಕು. ಲೈಸೆನ್ಸ್‌ದಾರ ತೀರಿಕೊಂಡಾಗ ಅನಗತ್ಯ ತಡವಿಲ್ಲದೆ ಕೋವಿಯನ್ನು ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಬೇಕೆಂದು ಆಯುಧ ಕಾಯ್ದೆಯ ಕಲಂ 21 ಹೇಳುತ್ತದೆ; ಎಷ್ಟೋ ಮನೆಗಳಿಗೆ ಈ ನಿಯಮವೇ ತಿಳಿಯದು.

ಪ್ರಯೋಗಾಲಯದ ವರದಿ ಬರುವ ಮೊದಲು

ಜಾಮೀನು ಅರ್ಜಿ ಬರುವ ಹೊತ್ತಿಗೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಹುತೇಕ ಬಂದಿರುವುದಿಲ್ಲ. ಬೆಂಗಳೂರಿನ ಮಡಿವಾಳದ ಪ್ರಯೋಗಾಲಯಕ್ಕೆ ಹೋದ ಪೊಟ್ಟಣ ತನ್ನ ಸರದಿಗೆ ಕಾಯುತ್ತದೆ. ‘ವರದಿ ಬರಬೇಕಿದೆ’ ಎಂಬ ಒಂದೇ ಕಾರಣಕ್ಕೆ ಆರೋಪಿಯೂ ಕಾಯುತ್ತಾನೆ. ಇದು ಸರಿಯಲ್ಲ. ಆ ವರದಿಯಿಂದ ಏನು ತಿಳಿಯಬಹುದು, ಏನು ತಿಳಿಯಲಾಗದು ಎಂದು ಗೊತ್ತಿದ್ದರೆ ಕಾಯಬೇಕೇ ಬೇಡವೇ ಎಂದು ನಿರ್ಧರಿಸಬಹುದು.

ಪಿಸ್ತೂಲು ಮತ್ತು ರೈಫಲ್‌ಗಳ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡಿನ ಮೈಮೇಲೆ ಗುರುತು ಬಿಡುತ್ತವೆ. ಸೂಜಿಯ ಗುರುತು ಖಾಲಿ ತೋಟಾದ ತಳದಲ್ಲಿ ಉಳಿಯುತ್ತದೆ. ದೇಹದಿಂದ ತೆಗೆದ ಗುಂಡನ್ನು ಜಪ್ತಿಯಾದ ಪಿಸ್ತೂಲಿಗೆ ಹೊಂದಿಸಿ ನೋಡುವುದು ಇದರಿಂದಲೇ. ತೋಟಾ ಕೋವಿಯ ನಳಿಗೆ ನುಣುಪು; ಚರೆಗಳ (ಸಣ್ಣ ಸೀಸದ ಗುಂಡುಗಳ) ಮೇಲೆ ನಳಿಗೆಯ ಗುರುತು ಕೂರುವುದಿಲ್ಲ, ಆದರೆ ಖಾಲಿ ತೋಟಾ ಸಿಕ್ಕಿದರೆ ಸೂಜಿಯ ಗುರುತು ಮಾತಾಡುತ್ತದೆ. ಕೇಪಿನ ಕೋವಿಯಲ್ಲಿ ನಳಿಗೆಯ ಬಾಯಿಂದಲೇ ಮದ್ದು, ಚರೆ ತುಂಬುವುದರಿಂದ ತೋಟಾವೇ ಇಲ್ಲ. ಅಂಥ ಕೋವಿಯಿಂದ ಹಾರಿದ ಚರೆ ಇದೇ ಕೋವಿಯದ್ದು ಎಂದು ಪ್ರಯೋಗಾಲಯ ಹೇಳುವುದು ಹೆಚ್ಚುಕಡಿಮೆ ಅಸಾಧ್ಯ. ಕೋವಿ ಹಾರುವ ಸ್ಥಿತಿಯಲ್ಲಿದೆಯೇ, ಇತ್ತೀಚೆಗೆ ಹಾರಿಸಿದ ಗುರುತಿದೆಯೇ ಎಂಬಷ್ಟೇ ಸಿಗುತ್ತದೆ. ಕೇಪಿನ ಕೋವಿಯ ಪ್ರಕರಣದಲ್ಲಿ ವರದಿಗಾಗಿ ಮೂರು ತಿಂಗಳು ಕಾಯಿಸುವುದರಿಂದ ಯಾರಿಗೂ ಲಾಭವಿಲ್ಲ. ದೇಹದಿಂದ ಗುಂಡು ಹೊರತೆಗೆದ ಪಿಸ್ತೂಲು ಪ್ರಕರಣದಲ್ಲಿ ವರದಿ ನಿರ್ಣಾಯಕ. ಅಲ್ಲಿ ಆದ್ಯತೆಯ ಮೇಲೆ ತರಿಸಿಕೊಳ್ಳುವುದೇ ದಾರಿ.

ಗಾಯದ ಪ್ರಮಾಣಪತ್ರ ಮಾತ್ರ ಮೊದಲ ದಿನದಿಂದಲೂ ಕೈಯಲ್ಲಿರುತ್ತದೆ, ಅದರಲ್ಲಿ ಓದಬೇಕಾದ್ದು ಬಹಳ. ಗಾಯದ ಸುತ್ತ ಕಪ್ಪು ಮಸಿ, ಮದ್ದಿನ ಕಣ ಚುಚ್ಚಿದ ಚುಕ್ಕೆಗಳಿದ್ದರೆ ಹತ್ತಿರದಿಂದ ಹಾರಿದ್ದು. ಚರೆಗಳು ಅಗಲಕ್ಕೆ ಹರಡಿದ್ದರೆ ದೂರದಿಂದ. ಹಂದಿ ಶಿಕಾರಿಗೆಂದು ಮರಸು (ಹೊಂಚು) ಕೂತವರಲ್ಲಿ ಒಬ್ಬನಿಗೆ ಏಟು ಬಿದ್ದಾಗ ಪೊಲೀಸರು ಮೊದಲು ಕೊಲೆ ಅಥವಾ ಕೊಲೆಯತ್ನದ ಕಲಂ ಹಾಕುವುದುಂಟು. ಕತ್ತಲಲ್ಲಿ, ಪೊದೆಯ ಆಚೆ, ದೂರದಿಂದ ಹರಡಿದ ಚರೆ, ಹಿಂದೆ ಯಾವ ವೈಷಮ್ಯವೂ ಇಲ್ಲ, ಗಾಯಾಳುವನ್ನು ಆಸ್ಪತ್ರೆಗೆ ಹೊತ್ತು ತಂದವನೇ ಆರೋಪಿ: ಇಷ್ಟೂ ಇದ್ದರೆ ಅದು ನಿರ್ಲಕ್ಷ್ಯದ ಚಿತ್ರ. ಲೈಸೆನ್ಸ್ ಇಲ್ಲದ ಕೋವಿ, ವನ್ಯಜೀವಿ ಕಾಯ್ದೆಯ ಕೇಸು ಬೇರೆ ಇರುತ್ತವೆ, ಅವಕ್ಕೆ ಆತ ಉತ್ತರಿಸಲೇಬೇಕು. ಆದರೆ ಜಾಮೀನು ತಡೆಹಿಡಿಯುವಷ್ಟು ಭಾರ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎದೆಗೆ ಎರಡು ಗಜದಿಂದ ಹಾರಿಸಿ ಕೋವಿಯನ್ನು ಹೊಳೆಗೆ ಎಸೆದವನ ಅರ್ಜಿ ಇದರ ಪಕ್ಕದಲ್ಲಿ ನಿಲ್ಲುವಂಥದ್ದಲ್ಲ.

ಗುಂಡು ತಗುಲಿದೆಯೇ ಇಲ್ಲವೇ ಎಂಬುದೊಂದೇ ಎಲ್ಲವನ್ನೂ ತೀರ್ಮಾನಿಸುವುದೂ ಇಲ್ಲ. ಉತ್ತರ ಪ್ರದೇಶದಲ್ಲಿ ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿ ಪ್ರಕರಣದಲ್ಲಿ ಮೃತರ ದೇಹದಲ್ಲಿ ಗುಂಡೇಟಿನ ಗಾಯ ಕಾಣಲಿಲ್ಲ ಎಂಬುದೂ ಅಲಹಾಬಾದ್ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆರೋಪಿಗೆ ಜಾಮೀನು ಕೊಟ್ಟಾಗ ಬರೆದ ಕಾರಣಗಳಲ್ಲಿತ್ತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಜಾಮೀನಿನ ಹಂತದಲ್ಲೇ ಸಾಕ್ಷ್ಯ ತೂಗಿದ್ದು ತಪ್ಪು, ಸಂತ್ರಸ್ತರ ಮಾತು ಸರಿಯಾಗಿ ಕೇಳದಿದ್ದುದೂ ತಪ್ಪು ಎಂದಿತು. ಗುಂಡೇಟು ತಿಂದವರ ಕುಟುಂಬಕ್ಕೆ ಜಾಮೀನು ವಿಚಾರಣೆಯಲ್ಲಿ ಮಾತಾಡುವ ಹಕ್ಕು ಅಂದಿನಿಂದ ಸ್ಪಷ್ಟ.

ಆ ಕುಟುಂಬ ಹೇಳುವುದರಲ್ಲಿ ಅತಿ ಮುಖ್ಯವಾದದ್ದು ಭಯದ ವಿಷಯ. ಬಂದೂಕು ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬೀಳಲು ದೊಡ್ಡ ಕಾರಣ ಇದೇ. ಇದನ್ನು ‘ಸಾಕ್ಷಿಗಳನ್ನು ಬೆದರಿಸುವ ಸಾಧ್ಯತೆ ಇದೆ’ ಎಂಬ ಸಿದ್ಧ ಸಾಲಿನಲ್ಲಿ ಮುಗಿಸುವ ಅಭಿಯೋಜಕರು ತಮ್ಮ ಕೇಸನ್ನು ತಾವೇ ದುರ್ಬಲಗೊಳಿಸುತ್ತಾರೆ. ಸಾಕ್ಷಿಯ ಮನೆ ಆರೋಪಿಯ ಮನೆಯಿಂದ ಎಷ್ಟು ದೂರ, ಬಂಧನದ ನಂತರ ಫೋನ್ ಬಂದಿದೆಯೇ, ಹಿಂದಿನ ಕೇಸಿನಲ್ಲಿ ಸಾಕ್ಷಿ ತಿರುಗಿಬಿದ್ದದ್ದುಂಟೇ, ಇನ್ನೊಂದು ಆಯುಧ ಸಿಗದೆ ಉಳಿದಿದೆಯೇ ಎಂಬುದನ್ನು ಆಕ್ಷೇಪಣೆಯಲ್ಲಿ ಬರೆಯಬೇಕು. ಕಡೆಯದ್ದು ಎಲ್ಲಕ್ಕಿಂತ ಗಂಭೀರ. ಎರಡು ಪಿಸ್ತೂಲು ಕಂಡವರಿದ್ದು ಒಂದೇ ಜಪ್ತಿಯಾಗಿದ್ದರೆ, ಉಳಿದದ್ದು ಯಾರ ಬಳಿ ಇದೆ ಎಂದು ತಿಳಿಯುವವರೆಗೆ ನ್ಯಾಯಾಲಯ ಹಿಂಜರಿಯುವುದು ನ್ಯಾಯವೇ. ರೌಡಿ ಪಟ್ಟಿಯಲ್ಲಿ ಹೆಸರಿದೆ ಎಂಬುದೊಂದೇ ಸಾಲದು. ಹಳೆಯ ಕೇಸುಗಳಷ್ಟರಿಂದಲೇ ಜಾಮೀನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಕೇಳಿದಾಗ ಪೊಲೀಸರ ಉತ್ತರ ಸಾಮಾನ್ಯವಾಗಿ ಒಂದೇ: ಆಯುಧ ವಶಪಡಿಸಿಕೊಳ್ಳಲು ಕಸ್ಟಡಿ ಬೇಕು. ಆದರೆ ನಿರೀಕ್ಷಣಾ ಜಾಮೀನಿನಲ್ಲಿದ್ದವನನ್ನೂ ವಸ್ತು ತೋರಿಸುವ ಮಟ್ಟಿಗೆ ಕಸ್ಟಡಿಯಲ್ಲಿದ್ದವನೆಂದೇ ಎಣಿಸಬಹುದು ಎಂದು 2020ರ ಸುಶೀಲಾ ಅಗರ್‌ವಾಲ್ ತೀರ್ಪು ದಾರಿ ತೋರಿಸಿದೆ. ಇಂತಿಷ್ಟು ದಿನದೊಳಗೆ ಕೋವಿ ಒಪ್ಪಿಸಬೇಕೆಂದು ಷರತ್ತು ಹಾಕಿ ಜಾಮೀನು ಕೊಟ್ಟರೆ ಹಲವು ಸಣ್ಣ ಪ್ರಕರಣಗಳಲ್ಲಿ ಎರಡೂ ಕೆಲಸವಾಗುತ್ತದೆ.

ದಿನಗಳ ಲೆಕ್ಕ

ದೋಷಾರೋಪ ಪಟ್ಟಿ 60 ಅಥವಾ 90 ದಿನದಲ್ಲಿ ಬಾರದಿದ್ದರೆ ಸಂಹಿತೆಯ ಕಲಂ 187(3)ರಡಿ ಕಡ್ಡಾಯ ಜಾಮೀನು. 5 ವರ್ಷ ಶಿಕ್ಷೆಯ 25(1-ಬಿ)ಗೆ 60 ದಿನ. ತಯಾರಿಕೆ, ಮಾರಾಟಕ್ಕೆ ಜೀವಾವಧಿ ಇರುವುದರಿಂದ 90. ಕೊಲೆಯತ್ನದಲ್ಲಿ ಗುಂಡು ತಗುಲಿ ಗಾಯವಾಗಿದ್ದರೆ ಜೀವಾವಧಿವರೆಗೆ ಶಿಕ್ಷೆ, ಆಗಲೂ 90. ಗುರಿ ತಪ್ಪಿದ್ದರೆ ಗರಿಷ್ಠ 10 ವರ್ಷ. ಅಲ್ಲಿ 60 ದಿನವೋ 90 ದಿನವೋ ಎಂಬ ತಕರಾರು ಇದೆ. ಕನಿಷ್ಠ ಶಿಕ್ಷೆ 10 ವರ್ಷ ಇದ್ದರೆ ಮಾತ್ರ 90 ಎಂದು 2017ರ ರಾಕೇಶ್ ಕುಮಾರ್ ಪೌಲ್ ತೀರ್ಪು ಹಳೆಯ ಸಂಹಿತೆಯಡಿ ಹೇಳಿತ್ತು, ಹೊಸ ಸಂಹಿತೆಯಲ್ಲಿ ಪದಗಳು ಬದಲಾಗಿವೆ. ಇಂಥ ಕಡೆ ವಕೀಲರು 61ನೇ ದಿನ ಬೆಳಗ್ಗೆಯೇ ಅರ್ಜಿ ಹಾಕುವುದು ಕ್ಷೇಮ. ಎಣಿಕೆಯಲ್ಲಿ ರಿಮಾಂಡ್ ಆದ ದಿನವೂ ಸೇರುತ್ತದೆ. ಅರ್ಜಿ ಹಾಕದೆ ಸುಮ್ಮನಿದ್ದು, ಮಧ್ಯಾಹ್ನ ಪಟ್ಟಿ ಸಲ್ಲಿಕೆಯಾದರೆ ಹಕ್ಕು ಕೈತಪ್ಪುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ಆಯುಧ ಕಾಯ್ದೆಯ ಕಲಂ 39ರ ಪ್ರಕಾರ, ಕಲಂ 3ರ ಉಲ್ಲಂಘನೆಗೆ ಮೊಕದ್ದಮೆ ಹೂಡಲು ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಇಂಥ ಅನುಮತಿ ಇಲ್ಲದೆ ಪಟ್ಟಿ ಹಾಕಿದ್ದಾರೆ, ಆದ್ದರಿಂದ ಪಟ್ಟಿ ಅಪೂರ್ಣ, ಕಡ್ಡಾಯ ಜಾಮೀನು ಕೊಡಿ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2023ರ ಜಡ್ಜ್‌ಬೀರ್ ಸಿಂಗ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಅನುಮತಿಯ ಕೊರತೆ ಮುಂದೆ ವಿಚಾರಣೆಯಲ್ಲಿ ಕೇಸನ್ನು ಬೀಳಿಸಬಹುದು, ಕಡ್ಡಾಯ ಜಾಮೀನು ತಂದುಕೊಡದು. ಆದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಡತ ತಿಂಗಳುಗಟ್ಟಲೆ ನಿಂತು ವಿಚಾರಣೆ ಶುರುವೇ ಆಗದಿದ್ದರೆ, ಆ ವಿಳಂಬವನ್ನು ಸಾಮಾನ್ಯ ಜಾಮೀನಿನ ಅರ್ಜಿಯಲ್ಲಿ ಮುಂದಿಡಬಹುದು, ಇಡಬೇಕು. ಮ್ಯಾಜಿಸ್ಟ್ರೇಟ್ ನಡೆಸುವ ಕೇಸಿನಲ್ಲಿ ಸಾಕ್ಷ್ಯಕ್ಕೆ ಗೊತ್ತುಮಾಡಿದ ಮೊದಲ ದಿನದಿಂದ 60 ದಿನದಲ್ಲಿ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ದಿನ ಒಳಗಿದ್ದ ಆರೋಪಿಯನ್ನು ಕಾರಣ ಬರೆಯದೆ ಇನ್ನೂ ಹಿಡಿದಿಡುವಂತಿಲ್ಲ ಎಂಬ ಸಂಹಿತೆಯ ಕಲಂ 480(6) ಕೂಡ ಇದೆ. ಬಳಕೆಯಾಗುವುದು ಮಾತ್ರ ಅಪರೂಪ.

ಅತ್ಯಂತ ಗಂಭೀರ ಪ್ರಕರಣದಲ್ಲೂ ವಿಳಂಬ ತೂಗುತ್ತದೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಕೊಲೆ, ಆಯುಧ ಕಾಯ್ದೆಯ ಜೊತೆಗೆ ಜಾಮೀನನ್ನು ಬಹಳ ಕಠಿಣಗೊಳಿಸುವ ಕರ್ನಾಟಕ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯೂ ಸೇರಿತು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮೊದಲ ಬಾರಿಗೆ ಒಬ್ಬ ಆರೋಪಿಗೆ ಜಾಮೀನು ಕೊಟ್ಟಿತು. ಆತನ ಮೇಲಿದ್ದದ್ದು ಗುಂಡು ಹಾರಿಸಿದ ಆರೋಪವಲ್ಲ, ಆಶ್ರಯ ಕೊಟ್ಟ ಆರೋಪ. ಐದು ವರ್ಷಕ್ಕೂ ಹೆಚ್ಚು ಒಳಗಿದ್ದ. 527 ಸಾಕ್ಷಿಗಳಲ್ಲಿ ವಿಚಾರಣೆ ಆದದ್ದು 90 ಮಂದಿಯದು. ಮುಂದಿನ ವರ್ಷ ಇನ್ನೂ ಹಲವರು ಅದೇ ದಾರಿಯಲ್ಲಿ ಹೊರಬಂದರು. ಇದರಿಂದ ನೋವಾದವರು ಬಹಳ, ಆ ನೋವು ನ್ಯಾಯವಾದದ್ದು. ಆದರೆ ಆ ಬಾಗಿಲು ತೆರೆದದ್ದು ನಿಧಾನವಾದ ವಿಚಾರಣೆ. ದಿನನಿತ್ಯ ವಿಚಾರಣೆ ನಡೆಸಿ ಮೂರು ವರ್ಷದಲ್ಲಿ ತೀರ್ಪು ಬಂದಿದ್ದರೆ ಈ ಅರ್ಜಿಗಳಿಗೆ ಆಧಾರವೇ ಇರುತ್ತಿರಲಿಲ್ಲ. ಬಂದೂಕು ಹಿಡಿದವರು ಒಳಗಿರಬೇಕೆಂದು ಬಯಸುವವರು ಒತ್ತಾಯಿಸಬೇಕಾದ್ದು ಸಾಕ್ಷಿಗಳ ವಿಚಾರಣೆಯ ವೇಗಕ್ಕೆ.

ಷರತ್ತುಗಳ ವಿಷಯ ಚಿಕ್ಕದು. ಬಂದೂಕು ಪ್ರಕರಣದಲ್ಲಿ ನಿಜಕ್ಕೂ ಉಪಯೋಗವಿರುವವು ಮೂರೇ: ಮನೆಯಲ್ಲಿರುವ ಬೇರೆ ಎಲ್ಲ ಆಯುಧ ಮತ್ತು ಗುಂಡನ್ನು ಠಾಣೆಯಲ್ಲಿಡುವುದು, ಸಾಕ್ಷಿಗಳ ಊರಿಗೆ ಅಥವಾ ಬೀದಿಗೆ ಹೋಗದಿರುವುದು, ಇಂತಿಷ್ಟು ದಿನಕ್ಕೊಮ್ಮೆ ಠಾಣೆಗೆ ಹಾಜರಿ. ಮೊಬೈಲ್‌ನಲ್ಲಿ ಸದಾ ತನ್ನ ಜಾಗ ಪೊಲೀಸರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಥಳೀಯ ಜಾಮೀನುದಾರರೇ ಬೇಕು, ಅದೂ ಇಬ್ಬರು, ಪಹಣಿ ಸಮೇತ ಎಂದು ಹಟ ಹಿಡಿದರೆ ಬೇರೆ ರಾಜ್ಯದ ತೋಟದ ಕಾರ್ಮಿಕ ಜಾಮೀನು ಸಿಕ್ಕಿಯೂ ಒಳಗೇ ಉಳಿಯುತ್ತಾನೆ. ಸುಪ್ರೀಂ ಕೋರ್ಟಿನ 2023ರ ಜನವರಿಯ ನಿರ್ದೇಶನದಂತೆ ಜಾಮೀನು ಆದೇಶದ ಪ್ರತಿ ಇ-ಮೇಲ್‌ನಲ್ಲಿ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಭದ್ರತೆ ಒದಗಿಸಲಾಗದಿದ್ದರೆ ನ್ಯಾಯಾಲಯ ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು.

ಇನ್ನು ಆ ಕೋವಿ. ಆರೋಪಿ ಹೊರಬಂದರೂ ಅದು ಮೊಹರು ಹಾಕಿದ ಬಟ್ಟೆಯಲ್ಲಿ ಠಾಣೆಯ ಮಾಲ್‌ಖಾನೆಯಲ್ಲೋ ಪ್ರಯೋಗಾಲಯದಲ್ಲೋ ಇರುತ್ತದೆ. ಜಿಲ್ಲಾ ಮ್ಯಾಜಿಸ್ಟ್ರೇಟ್ ಆಯುಧ ಕಾಯ್ದೆಯ ಕಲಂ 17ರಡಿ ಅವನ ಬೇರೆ ಲೈಸೆನ್ಸ್‌ಗಳನ್ನು ಅಮಾನತಿನಲ್ಲಿಡಬಹುದು. ಜಾಮೀನು ಆದೇಶ ಆರೋಪಿಯ ಬಿಡುಗಡೆಗೆ ಮಾತ್ರ. ಕೋವಿ ವಾಪಸು ಬೇಕಾದರೆ ಪ್ರತ್ಯೇಕ ಅರ್ಜಿ ಹಾಕಬೇಕು, ಕೇಳುವವನ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು.